ಬೇಸಿಗೆಯ ಬಾಗಿಲು

ಚೈತ್ರ ವೈಶಾಖಗಳ ಬಿಸಿಲು ಕೋಲಾರದ ಚಿನ್ನದ ಗಣಿ ಪ್ರದೇಶದ ಮಾಡುಗಳನ್ನು ಕಾಯಿಸತೊಡಗಿದೊಡನೆ, ಗಣಿಕಾರ್ಮಿಕರಿಗಾಗಿ ಸಾಲುಸಾಲಾಗಿ ಕಟ್ಟಲ್ಪಟ್ಟ ಕಿರುಮನೆಗಳಲ್ಲಿ ರಾತ್ರಿ ಬಾಗಿಲು ಮುಚ್ಚಿ ಮಲಗುವುದು ದುಸ್ಸಹವಾಗುತ್ತದೆ. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಮುಗಿಸಿ ಬರುವವರೂ ಪಾಳಿಗೆ ಹೊರಡುವವರೂ ಇರುಳೆಲ್ಲ ಆ ಓಣಿಗಳಲ್ಲಿ ಸಂಚರಿಸುತ್ತಿದ್ದುದರಿಂದ, ತೆರೆದ ಬಾಗಿಲಿಗೆ ಅವರ ಹೆಜ್ಜೆಯ ಸಪ್ಪಳವೇ ಒಂದು ಬಗೆಯ ಕಾವಲಾಗಿದ್ದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ಇಲ್ಲಿನ ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರನ್ನು ಸೇರುವ ರೈಲು ಮುಂಜಾನೆಯೇ ದುಡಿಯುವ ಜನರನ್ನು ಕೊಂಡೊಯ್ಯುವುದರಿಂದ, ಹಗಲಿನಲ್ಲಿಯೂ ಅನೇಕ ಮನೆಗಳಿಗೆ ಬೀಗವೊಂದೇ ಗತಿ.

ರಜೆಗೆಂದು ಮಕ್ಕಳೊಡನೆ ಊರಿಗೆ ಹೊರಡುವ ಗೃಹಸ್ಥರಿಗೆ ನನ್ನ ವಿನಂತಿ ಇಷ್ಟೆ: ಹೊರಚಿಲಕದಲ್ಲಿ ತೂಗುವ ದೊಡ್ಡ ಬೀಗವು ಮನೆಯಲ್ಲಿ ಯಾರೂ ಇಲ್ಲವೆಂಬುದನ್ನು ಬೀದಿಗೆಲ್ಲ ಸಾರುವುದರಿಂದ, ಬಾಗಿಲಿನೊಳಗೇ ಕೂರಿಸಿದ ಬೀಗವು ಲೇಸು; ಚಿಲಕದ ತಿರುಪುಗಳು ಸಡಿಲವಾಗಿದ್ದರೆ ಯಾವ ಬೀಗವೂ ವ್ಯರ್ಥ. ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿರಿಸಿ, ಠಾಣೆಗೆ ತಿಳಿಸಿ ಹೋದರೆ ರಾತ್ರಿಯ ಗಸ್ತಿನವರು ಅತ್ತ ಕಣ್ಣು ಹಾಯಿಸಿಯಾರು. ಆದರೆ ನೀರು ಕಾಣದ ಅಂಗಳ, ರಂಗೋಲಿಯಿಲ್ಲದ ಹೊಸ್ತಿಲು, ಬಾಗಿಲಲ್ಲಿ ರಾಶಿ ಬಿದ್ದ ಪತ್ರಿಕೆಗಳು, ಇವು ಕಳ್ಳನಿಗೆ ಬೀಗಕ್ಕಿಂತ ಸ್ಪಷ್ಟವಾದ ಸೂಚನೆ. ಅವನ್ನು ನಿವಾರಿಸಬಲ್ಲವರು ಪಕ್ಕದ ಮನೆಯ ಅಕ್ಕನೋ ಅತ್ತೆಯೋ ಹೊರತು ಬೇರಾರೂ ಅಲ್ಲ. ಅಂಥ ವಿಶ್ವಾಸವನ್ನು ಬೇಸಿಗೆಗೆ ಮೊದಲೇ ಗಳಿಸಿರಬೇಕು.

ಊರಲ್ಲೇ ಉಳಿದು, ಸೆಕೆ ತಾಳದೆ ತಾರಸಿಯ ಮೇಲೆ ಹಾಸಿಗೆ ಬಿಡಿಸುವವರು, ಮೆಟ್ಟಿಲೇರುವ ಮುನ್ನ ಹಿಂಬಾಗಿಲ ಅಗುಳಿಯನ್ನೂ, ಚಿಲಕಕ್ಕೆ ಕೈ ಎಟುಕುವಷ್ಟು ಸಮೀಪದ ಕಿಟಕಿಯನ್ನೂ ಭದ್ರಪಡಿಸಿ, ಬೀಗದ ಕೈಯನ್ನು ದಿಂಬಿನಡಿಯಲ್ಲಿಯೂ, ತುರ್ತು ಸಂಖ್ಯೆ 112ಕ್ಕೆ ಕರೆಮಾಡಲು ಫೋನನ್ನು ಪಕ್ಕದಲ್ಲಿಯೂ ಇರಿಸಿಕೊಳ್ಳಲಿ.