ಅಲ್-ಅಝ್‌ಹರ್‌ನ ರಿವಾಕ್‌ಗಳು



ಮನೆ ಬಿಟ್ಟು ಓದಲು ಹೋದ ಹುಡುಗನಿಗೆ ಮೊದಲು ಬೇಕಾಗುವುದು ಮಲಗಲು ಜಾಗ, ಹೊತ್ತಿಗೆ ಊಟ, ತನ್ನ ಮಾತು ತಿಳಿಯುವ ಜೊತೆಗಾರ. ಪಾಠ ತಲೆಗೆ ಹತ್ತುವುದು ಆಮೇಲೆ. ಕೈರೋದ ಅಲ್-ಅಝ್‌ಹರ್ ವಿದ್ಯಾಪೀಠದ ಚರಿತ್ರೆ ಇದಕ್ಕೆ ಸಾಕ್ಷಿ.

ಅಲ್-ಅಝ್‌ಹರ್ ಮಸೀದಿ ಕಟ್ಟಿ ಮುಗಿದದ್ದು 972ರಲ್ಲಿ. 988ರಲ್ಲಿ ಆಗ ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ವಂಶದ ವಜೀರ ಇಬ್ನ್ ಕಿಲ್ಲಿಸ್ 35 ವಿದ್ವಾಂಸರಿಗೆ ಸಂಬಳ ಗೊತ್ತುಮಾಡಿಸಿ, ಮಸೀದಿಯ ಹತ್ತಿರವೇ ಮನೆ ಕೊಡಿಸಿದ. ವಿದ್ಯೆಯ ಜೊತೆಗೆ ವಸತಿಯ ಯೋಚನೆಯೂ ಅಲ್ಲಿ ಅಷ್ಟು ಹಳೆಯದು.

ಮುಂದೆ ದೂರದೇಶಗಳಿಂದ ವಿದ್ಯಾರ್ಥಿಗಳು ಬಂದರು. ಸುಮಾರು 1415ರಲ್ಲಿ ಮಸೀದಿಯೊಳಗೇ 750 ಮಂದಿ ವಾಸವಿದ್ದರೆಂದು ಇತಿಹಾಸಕಾರ ಮಕ್ರೀಝಿ ಬರೆದಿದ್ದಾನೆ. ಪರ್ಷಿಯಾದವರು, ವಾಯವ್ಯ ಆಫ್ರಿಕಾದ ಮಗ್ರಿಬ್‌ನವರು, ಈಜಿಪ್ಟಿನ ಹಳ್ಳಿಗರು, ಹೀಗೆ ಒಂದೊಂದು ಸೀಮೆಯವರಿಗೂ ಒಂದೊಂದು ರಿವಾಕ್, ಅಂದರೆ ಮೊಗಸಾಲೆ. ಮುಂದಿನ ಕಾಲದಲ್ಲಿ ಸಿರಿಯಾ, ತುರ್ಕಿ, ಜಾವಾದವರಿಗೂ ರಿವಾಕ್‌ಗಳಿದ್ದವು. ಅವುಗಳಿಗೆ ಮೇಲ್ವಿಚಾರಕ ಶೇಖ್ ಇರುತ್ತಿದ್ದ. ವಕ್ಫ್, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟ ಆಸ್ತಿಯ ಆದಾಯದಿಂದ ರೊಟ್ಟಿ ಹಂಚಿಕೆಯಾಗುತ್ತಿತ್ತು. ಹೊಸಬ ಬಂದರೆ ತನ್ನ ನಾಡಿನವರ ನಡುವೆಯೇ ಇಳಿಯುತ್ತಿದ್ದ.

ಆದರೂ ಎಲ್ಲರ ಆರಂಭ ಸುಲಭವಾಗಿರಲಿಲ್ಲ. ಮುಂದೆ ದೊಡ್ಡ ಸುಧಾರಕನಾದ ಮುಹಮ್ಮದ್ ಅಬ್ದುಹು ಮೊದಲು ಓದಿದ್ದು ಈಜಿಪ್ಟಿನದೇ ತಂತಾ ಪಟ್ಟಣದ ಮಸೀದಿಯಲ್ಲಿ. ಅಲ್ಲಿನ ವ್ಯಾಕರಣದ ಪಾಠ ಒಂದಿಷ್ಟೂ ತಿಳಿಯದೆ ಓಡಿಹೋದ. ಅವನಲ್ಲಿ ಮತ್ತೆ ಓದಿನ ಆಸೆ ಹುಟ್ಟಿಸಿದವನು ಬಂಧುವಾದ ಶೇಖ್ ದರ್ವೀಶ್. 1866ರಲ್ಲಿ ಅಝ್‌ಹರ್ ಸೇರಿದ ಅಬ್ದುಹು, 1895ರಿಂದ ಅದರ ಆಡಳಿತ ಮಂಡಳಿಯಲ್ಲಿದ್ದು ಪಾಠಕ್ರಮದ ಜೊತೆಗೆ ವಿದ್ಯಾರ್ಥಿಗಳ ವಸತಿ, ಆರೋಗ್ಯಗಳನ್ನೂ ಸುಧಾರಿಸಲು ದುಡಿದ.

1902ರಲ್ಲಿ ಹದಿಮೂರರ ಅಂಧ ಬಾಲಕ, ಮುಂದೆ ದೊಡ್ಡ ಲೇಖಕನಾದ ತಾಹಾ ಹುಸೇನ್ ಹಳ್ಳಿಯಿಂದ ಅಲ್ಲಿಗೆ ಬಂದ. ಜೊತೆಗಿದ್ದ ಅಣ್ಣ ಓದಲು ಹೊರಟರೆ, ಸಂಜೆ ಕೋಣೆಯಲ್ಲಿ ಒಬ್ಬಂಟಿ. ಆ ದಿನಗಳನ್ನು ಅವನು ತನ್ನ ಆತ್ಮಕಥೆ ‘ಅಲ್-ಅಯ್ಯಾಮ್’ನಲ್ಲಿ ಬರೆದಿದ್ದಾನೆ. ಅದೇ ವಯಸ್ಸಿನ ಸಂಬಂಧಿಕನೊಬ್ಬ ಓದಲು ಬಂದು ಜೊತೆಯಾದಾಗ ಅವನ ಬದುಕೇ ಬದಲಾಯಿತು.

1950ರ ದಶಕದಲ್ಲಿ ಈಜಿಪ್ಟ್ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗೆಂದೇ ಕೈರೋದಲ್ಲಿ ವಸತಿನಗರ ಕಟ್ಟಿತು. ನಮ್ಮ ಕರಾವಳಿಯ ದರ್ಸ್‌ಗಳಲ್ಲಿಯೂ, ಅಂದರೆ ಮಸೀದಿಯ ಪಾಠಶಾಲೆಗಳಲ್ಲಿಯೂ, ಪರವೂರಿನ ಹುಡುಗರಿಗೆ ಮಸೀದಿಯ ಸುತ್ತಲಿನ ಮನೆಯವರು ಊಟ ಕೊಡುವ ರೂಢಿ ಬೆಳೆದುಬಂದಿದೆ.

ಕಟ್ಟಡ, ಅನುದಾನ ಬೇಕೇ ಬೇಕು. ಆದರೆ ಅಬ್ದುಹುವನ್ನೂ ತಾಹಾನನ್ನೂ ಉಳಿಸಿದ್ದು ಒಬ್ಬೊಬ್ಬ ಮನುಷ್ಯ. ಹೊಸಬನೊಬ್ಬನಿಗೆ ಹಳೆಯ ವಿದ್ಯಾರ್ಥಿಯೊಬ್ಬನನ್ನು ಜೊತೆ ಮಾಡುವುದನ್ನು ಪ್ರತಿ ಕಾಲೇಜೂ ತನ್ನ ಮೊದಲ ಕರ್ತವ್ಯವೆಂದು ತಿಳಿಯಬೇಕು.