ಹಿತ್ತಿಲ ಕೋಳಿಯೂ ನೆರೆಹೊರೆಯೂ
(ಮೆಣಸೆಯ ಸಭೆಯಲ್ಲಿ ಮಾಡಿದ ಭಾಷಣ)



ಹತ್ತು ಕೋಳಿಗಳ ವಿಷಯವಾಗಿ ಭಾಷಣವೇ ಎಂದು ತಾವು ನಗಬಹುದು. ಆದರೆ ಮೊಟ್ಟೆ ಮಾರಿ ಬಂದ ಕಾಸು, ಬಡಮನೆಯ ಹೆಂಗಸು ಯಾರಲ್ಲಿಯೂ ಕೈಯೊಡ್ಡದೆ ವೆಚ್ಚಮಾಡಬಲ್ಲ ಕಾಸು. ಅದನ್ನು ಉಳಿಸುವ ಬಗೆಯನ್ನು ವಿಚಾರಿಸೋಣ.

ಹೇಂಟೆಯು 21 ದಿನ ಕಾವು ಕೂತು ಮರಿಮಾಡಿದರೆ ಅದರ ರೆಕ್ಕೆಯೇ ಮರಿಗಳಿಗೆ ರಕ್ಷೆ. ಕೊಂಡು ತಂದ ಗಿರಿರಾಜ ಮರಿಗಳಿಗಾದರೋ ದೀಪವೇ ತಾಯಿ. ಮೊದಲ ವಾರ ಸುಮಾರು 35 ಡಿಗ್ರಿ ಸೆಂಟಿಗ್ರೇಡ್ ಶಾಖವಿರತಕ್ಕದ್ದು. ಬಳಿಕ ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು. ಮರಿಗಳು ದೀಪದಡಿ ಮುತ್ತಿಕೊಂಡರೆ ಚಳಿಯೆಂದೂ, ದೂರ ಸರಿದು ಬಾಯ್ದೆರೆದರೆ ಸೆಕೆಯೆಂದೂ ತಿಳಿಯತಕ್ಕದ್ದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಾಸಿದ ಉಮಿಯು ಒದ್ದೆಯಾದರೆ ಅಂದೇ ತೆಗೆಯಬೇಕು. ತೇವದಲ್ಲಿಯೇ ರಕ್ತಭೇದಿಯ ರೋಗಾಣು ಬಲಿಯುವುದು.

ಇಷ್ಟನ್ನು ಪ್ರತಿ ಮನೆಯೂ ತಾನೇ ಮಾಡಬಲ್ಲುದು. ಆದರೆ 1927ರಲ್ಲಿ ಕುಮಾವೂಂ ಸೀಮೆಯ ರಾಣಿಖೇತದಲ್ಲಿ ಕಾಣಿಸಿಕೊಂಡು ಆ ಊರ ಹೆಸರನ್ನೇ ಪಡೆದ ರೋಗವು ಹೊಕ್ಕರೆ ಕೇರಿಯ ಕೋಳಿಗಳೆಲ್ಲ ಕೆಲವೇ ದಿನಗಳಲ್ಲಿ ಸಾಯಬಹುದು. ತಗಲಿದ ಮೇಲೆ ಔಷಧವಿಲ್ಲ. ಮುಂಚಿತವಾಗಿ ಲಸಿಕೆಯೊಂದೇ ಗತಿ. ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ಲಸಿಕೆಯ ಒಂದು ಶೀಶೆಯು ನೂರಾರು ಕೋಳಿಗಳಿಗೆ ಸಾಲುವುದು. ಕಲಸಿದ ಬಳಿಕ ಕೆಲವೇ ಗಂಟೆ ನಿಲ್ಲುವುದು. ಹತ್ತು ಕೋಳಿಗಳವಳು ಒಬ್ಬಳೇ ಅದನ್ನು ತರಿಸುವುದೆಂತು?

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಮನೆಯ ಕೋಳಿಗಳ ಲೆಕ್ಕವನ್ನು ಮಕ್ಕಳಿಂದ ಬರೆಯಿಸಿರಿ, ಪಶುವೈದ್ಯರನ್ನು ಕೇಳಿ ಒಂದು ದಿನವನ್ನು ಗೊತ್ತುಮಾಡಿರಿ, ಮಂಜುಗಡ್ಡೆಯಲ್ಲಿಟ್ಟು ತಂದ ಶೀಶೆಯನ್ನು ಕೇರಿಯವರೆಲ್ಲರೂ ಕೂಡಿ ಆ ದಿನವೇ ಮುಗಿಸಲಿ.