ದುಡಿದ ಮೈಗೆ ನೀವಿಕೆ
(ಯುವಕ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾಟಿ ಮುಗಿಸಿದ, ಕಬ್ಬು ಕಡಿದ ಮರುದಿನ ತೊಡೆ, ಮೀನಖಂಡ, ಬೆನ್ನು ಬಿಗಿದು ನೋಯುವುದು ತಮಗೆಲ್ಲ ತಿಳಿದದ್ದೇ. ಗರಡಿಯ ಹುಡುಗರು ಸಾಮು ಮಾಡಿದ ಮೇಲೆ ಒಬ್ಬರ ಮೈಯನ್ನೊಬ್ಬರು ನೀವುತ್ತಾರೆ. ಈ ಹಳೆಯ ಪದ್ಧತಿಯಲ್ಲಿ ನಿಜವೆಷ್ಟು, ಬರಿಯ ನಂಬಿಕೆಯೆಷ್ಟು ಎಂಬುದನ್ನು ಇಂದು ವಿಚಾರ ಮಾಡೋಣ.

ಮೈ ಮೀರಿ ದುಡಿದಾಗ ಸ್ನಾಯುವಿನ ಸಣ್ಣ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಆಗ ರಕ್ತದಲ್ಲಿನ ಬಿಳಿಯ ಕಣಗಳು ಅಲ್ಲಿಗೆ ಧಾವಿಸುತ್ತವೆ. ರೋಗದೊಡನೆ ಹೋರಾಡುವ ಕಣಗಳೂ ಇವೇ. ಇವು ಕೆಟ್ಟ ಭಾಗವನ್ನು ತೆಗೆದುಹಾಕುತ್ತವೆ. ಆಗ ಊತ, ನೋವು ಸಹಜ. ಆದರೆ ಕಳೆ ಕಿತ್ತ ಮೇಲೂ ಆಳುಗಳು ಗದ್ದೆಯಲ್ಲೇ ಓಡಾಡಿದರೆ ಪೈರು ತುಳಿತಕ್ಕೆ ಸಿಕ್ಕುವುದಲ್ಲವೇ? ಹಾಗೆಯೇ ಈ ಕಣಗಳು ಹೆಚ್ಚು ದಿನ ನಿಂತರೆ ಹೊಸ ಎಳೆ ಬೆಳೆಯಲು ಅಡ್ಡಿ.

2012ರಲ್ಲಿ ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು 11 ಮಂದಿ ಯುವಕರಿಂದ ದಣಿಯುವತನಕ ಸೈಕಲ್ ತುಳಿಸಿ, ಒಂದು ಕಾಲನ್ನು ಮಾತ್ರ 10 ನಿಮಿಷ ನೀವಿಸಿ, ಎರಡೂ ಕಾಲುಗಳ ಸ್ನಾಯುವಿನ ಚೂರುಗಳನ್ನು ಪರೀಕ್ಷಿಸಿದರು. ನೀವಿದ ಕಾಲಿನಲ್ಲಿ ಉರಿಯೂತದ ಲಕ್ಷಣ ಕಡಿಮೆಯಿತ್ತು. ನೀವಿದರೆ ಸ್ನಾಯುವಿನ ಆಮ್ಲ ಹೊರಟುಹೋಗುತ್ತದೆಂಬ ಮಾತು ಮಾತ್ರ ನಿಜವಾಗಲಿಲ್ಲ. 2021ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಪೆಟ್ಟಾದ ಇಲಿಗಳ ಕಾಲನ್ನು ಯಂತ್ರದಿಂದ ಹದವಾಗಿ ಒತ್ತಿದಾಗ, ಆ ಬಿಳಿಯ ಕಣಗಳು ಬೇಗ ತೆರವಾಗಿ ಸ್ನಾಯು ಬಲವಾಗಿ ಬೆಳೆಯಿತು. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಆಗುವುದೆಂದು ಹೇಳಲಾಗದು. ನೀವಿಕೆಯಿಂದ ಜ್ವರ, ನೆಗಡಿ ಬಾರವೆಂದೂ ನಂಬಬಾರದು.

ಸಂಜೆ ಎಣ್ಣೆ ಹಚ್ಚಿ, ಪಾದದಿಂದ ಮೇಲಕ್ಕೆ, ಹದವಾಗಿ 10 ನಿಮಿಷ ನೀವಬೇಕು. ನೋಯುವಂತೆ ಹಿಸುಕಬಾರದು. ಮನೆಯ ಹೆಂಗಸರೂ ನಾಟಿಯಲ್ಲಿ ತಮ್ಮಷ್ಟೇ ಬಗ್ಗಿ ದುಡಿದಿರುತ್ತಾರೆ. ಅವರ ದಣಿವನ್ನು ಮರೆಯಬಾರದು. ಬೇಳೆಕಾಳು, ಸಾಕಷ್ಟು ನೀರು, ತುಂಬು ನಿದ್ರೆ ಇಲ್ಲದೆ ನೀವಿಕೆಯೊಂದರಿಂದಲೇ ಮೈ ಚೇತರಿಸದು.

ಆದರೆ ಎಚ್ಚರ! ಮೂಳೆ ಮುರಿದ ಸಂಶಯ, ಗಾಯ, ಕೀವು, ಜ್ವರ ಇದ್ದಲ್ಲಿ ನೀವಬಾರದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಿದರೆ ಆ ಹೆಪ್ಪು ಕದಲಿ ಶ್ವಾಸಕೋಶ ಸೇರಿ ಪ್ರಾಣಕ್ಕೇ ಅಪಾಯವಾದೀತು. ದುಡಿದ ಮೇಲೆ ಮೂತ್ರ ಕಾಫಿಯ ಕಷಾಯದಂತೆ ಕಪ್ಪಾದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎತ್ತಿನ ಹೆಗಲು ನೋಡಿ ನೊಗ ಹೂಡುವ ತಾವು ಸ್ವಂತ ಮೈಯನ್ನೂ ಹಾಗೆಯೇ ನೋಡಿಕೊಳ್ಳಬೇಕೆಂದು ಕೋರುತ್ತೇನೆ.